ಮಂತ್ರಿಯಾಗಿ ಜಿಲ್ಬೆರ್ಟೊ ಜಿಲ್ ನಿಜಕ್ಕೂ ಏನು ಮಾಡಿದರು?

ಶ್ರುತಿಪೆಟ್ಟಿಗೆ (ಚರ್ಚೆ ಶುರು ಮಾಡಿದವರು)

ಹಾಡುಗಾರರು ರಾಜಕೀಯಕ್ಕೆ ಬಂದ ಮಾತು ಎದ್ದಾಗಲೆಲ್ಲ ಚರ್ಚೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹೆಸರಿತ್ತು, ವೋಟು ಬಿತ್ತು, ಕೆಲಸ ಮಾತ್ರ ಏನೂ ಆಗಲಿಲ್ಲ ಅಂತ. ಬ್ರೆಜಿಲ್‌ನ ಜಿಲ್ಬೆರ್ಟೊ ಜಿಲ್ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. 2003ರ ಜನವರಿಯಿಂದ 2008ರ ಜುಲೈವರೆಗೆ ಅವರು ಆ ದೇಶದ ಸಂಸ್ಕೃತಿ ಮಂತ್ರಿ. ಆ ಐದೂವರೆ ವರ್ಷದಲ್ಲಿ ಶುರು ಮಾಡಿದ ಒಂದು ಕೆಲಸ ಇವತ್ತಿಗೂ ನಡೆಯುತ್ತಿದೆ. ಜಿಲ್ ಬಗ್ಗೆ ಬರೆಯುವವರು ಹಾಡಿನ ಕಥೆಯನ್ನೇ ಜಾಸ್ತಿ ಬರೆಯುತ್ತಾರೆ. ಆ ಕೆಲಸದ ಕಥೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1942ರ ಜೂನ್ 26, ಬಾಹಿಯಾ ರಾಜ್ಯದ ಸಾಲ್ವಡಾರ್‌ನಲ್ಲಿ. ಬಾಲ್ಯ ಕಳೆದದ್ದು ಒಳನಾಡಿನ ಇತುಆಸು ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಡಾಕ್ಟರ್, ಅಮ್ಮ ಶಾಲೆಯ ಟೀಚರ್. ರೇಡಿಯೋದಲ್ಲಿ ಲುಯಿಸ್ ಗೊನ್ಸಾಗ ನುಡಿಸುತ್ತಿದ್ದ ಅಕಾರ್ಡಿಯನ್ ಕೇಳಿ ಹುಡುಗ ಅದನ್ನೇ ಕಲಿತ. ಗಿಟಾರ್ ಕೈಗೆ ಬಂದದ್ದು ಆಮೇಲೆ, ಬೋಸಾ ನೋವಾ ಶೈಲಿಯ ಗಾಯಕ ಜೊವಾವ್ ಜಿಲ್ಬೆರ್ಟೊ ಹಾಡು ಕೇಳಿದ ಮೇಲೆ. ಕಾಲೇಜಿನಲ್ಲಿ ಓದಿದ್ದು ಬಿಸಿನೆಸ್ ಆಡಳಿತ. 1965ರಲ್ಲಿ ಸಾವೊ ಪಾಲೊಗೆ ಹೋಗಿ ಕಂಪನಿ ಕೆಲಸಕ್ಕೂ ಸೇರಿದ್ದರು. 1967–68ರಲ್ಲಿ ಗಾಯಕ ಕಾಯೆತಾನೊ ವೆಲೋಸೊ ಮತ್ತು ಇತರರ ಜೊತೆ ಟ್ರಾಪಿಕಾಲಿಯಾ ಚಳವಳಿ, ಅಂದರೆ ಬ್ರೆಜಿಲ್‌ನ ಸಂಗೀತಕ್ಕೆ ಹೊರಗಿನ ರಾಕ್ ಬೆರೆಸಿದ ಚಳವಳಿ. ಸೇನಾ ಆಡಳಿತ ಇಬ್ಬರನ್ನೂ ಹಿಡಿದು ಜೈಲಿಗೆ ಹಾಕಿತು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. 1972ರಲ್ಲಿ ವಾಪಸ್ ಬಂದರು. ಅದಾಗಿ ಮೂವತ್ತು ವರ್ಷಕ್ಕೆ ಅದೇ ದೇಶದ ಮಂತ್ರಿ.

ನನ್ನ ವಾದ ಇಷ್ಟೇ. ಜಿಲ್ ಬರೀ ಹೆಸರಿನ ಬಲದಿಂದ ಆ ಕುರ್ಚಿಯಲ್ಲಿ ಕೂತವರಲ್ಲ. ಸಂಗೀತದಲ್ಲಿ ಹೇಗೆ ಯೋಚಿಸುತ್ತಿದ್ದರೋ ಸರ್ಕಾರದಲ್ಲೂ ಹಾಗೇ ಯೋಚಿಸಿದರು. ಒಪ್ಪದವರು ದಯವಿಟ್ಟು ಬರೆಯಿರಿ.

ಹಳೇರೇಡಿಯೋ

ಒಳ್ಳೇ ವಿಷಯ ಎತ್ತಿದಿರಿ. "ಸಂಗೀತದಲ್ಲಿ ಯೋಚಿಸಿದ ಹಾಗೆ" ಅಂದಿರಲ್ಲ, ಅದಕ್ಕೆ 1967ನೇ ಇಸವಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಆ ವರ್ಷ ಜುಲೈನಲ್ಲಿ ಸಾವೊ ಪಾಲೊದಲ್ಲಿ ಒಂದು ಮೆರವಣಿಗೆ ನಡೆಯಿತು. ಎಲೆಕ್ಟ್ರಿಕ್ ಗಿಟಾರ್ ವಿರುದ್ಧ! ವಿದೇಶಿ ವಾದ್ಯ ನಮ್ಮ ಸಂಗೀತವನ್ನು ಹಾಳು ಮಾಡುತ್ತದೆ ಅನ್ನುವುದು ಅವರ ಕೂಗು. ಹೆಸರಾಂತ ಗಾಯಕಿ ಎಲಿಸ್ ರೆಜೀನಾ ಇದ್ದರು, ಜೊತೆಗೆ ಜಿಲ್ ಕೂಡ ಇದ್ದರು. ಅದಾಗಿ ಮೂರೇ ತಿಂಗಳಿಗೆ ಟಿವಿ ರೆಕಾರ್ಡ್ ಚಾನೆಲ್ಲಿನ ಹಾಡಿನ ಹಬ್ಬ. ಅಲ್ಲಿ ಜಿಲ್ ವೇದಿಕೆ ಹತ್ತಿದ್ದು ಓಸ್ ಮುತಾಂತೆಸ್ ಅನ್ನುವ ರಾಕ್ ಹುಡುಗರ ಜೊತೆ, ಎಲೆಕ್ಟ್ರಿಕ್ ಗಿಟಾರ್ ಸಮೇತ. ಹಾಡು "ದೊಮಿಂಗೊ ನೊ ಪಾರ್ಕೆ". ಎರಡನೇ ಬಹುಮಾನ ಬಂತು.

ಆ ಹಾಡಿನಲ್ಲಿ ಬೆರಿಂಬಾವ್ ಕೂಡ ಇದೆ. ಬಿಲ್ಲಿನಂಥ ಕೋಲು, ಒಂದೇ ತಂತಿ, ಕೆಳಗೆ ಒಣಗಿದ ಸೋರೆಬುರುಡೆ. ಕಪೊಯೆರಾ (ಕುಣಿತದಂಥ ಕಾದಾಟದ ಆಟ) ಆಡುವಾಗ ನುಡಿಸುವ ವಾದ್ಯ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಬಳುವಳಿ. ಅದರ ಪಕ್ಕದಲ್ಲೇ ಎಲೆಕ್ಟ್ರಿಕ್ ಗಿಟಾರ್. ಇವೆರಡರ ಮೇಲೆ ರೊಜೇರಿಯೊ ದುಪ್ರಾ ಬರೆದ ಆರ್ಕೆಸ್ಟ್ರಾ. ಯಾವುದೂ ಇನ್ನೊಂದನ್ನು ತಳ್ಳುವುದಿಲ್ಲ. "ನಮ್ಮದು" ಮತ್ತು "ಹೊರಗಿನದು" ಅನ್ನುವ ಜಗಳವನ್ನು ಭಾಷಣದಲ್ಲಿ ಅಲ್ಲ, ಹಾಡಿನಲ್ಲೇ ಬಗೆಹರಿಸಿದ್ದರು. ಬಲಪಂಥದ ಸೇನೆಗೂ ಇದು ಹಿಡಿಸಲಿಲ್ಲ, ಎಡಪಂಥದ ವಿದ್ಯಾರ್ಥಿಗಳಿಗೂ ಹಿಡಿಸಲಿಲ್ಲ. ಎರಡೂ ಕಡೆಯಿಂದ ಬೈಸಿಕೊಂಡರು.

1968ರ ಡಿಸೆಂಬರ್ 13ರಂದು ಸರ್ಕಾರ ಎಐ-5 ಅನ್ನುವ ಕರಾಳ ಆದೇಶ ಹೊರಡಿಸಿತು. ಸಂಸತ್ತಿಗೆ ಬೀಗ, ಪತ್ರಿಕೆಗಳಿಗೆ ಸೆನ್ಸಾರ್. ಎರಡು ವಾರದಲ್ಲಿ, ಡಿಸೆಂಬರ್ 27ಕ್ಕೆ, ಜಿಲ್ ಮತ್ತು ಕಾಯೆತಾನೊ ಬಂಧನ. ಜೈಲಿನಲ್ಲಿ ಜಿಲ್‌ಗೆ ಒಂದು ಗಿಟಾರ್ ಸಿಕ್ಕಿತು. ಅಲ್ಲಿ ಕಟ್ಟಿದ ಹಾಡುಗಳಲ್ಲಿ ಒಂದು ಕಂಪ್ಯೂಟರ್ ಬಗ್ಗೆ! ಯಂತ್ರ ಎಲ್ಲವನ್ನೂ ಮಾಡಬಲ್ಲದು, ಆದರೆ ಅಳಲಾರದು, ನಡೆಯಲಾರದು ಅನ್ನುವ ಧಾಟಿಯ ಹಾಡು. ಕೂತಿದ್ದದ್ದು ಸೇನೆಯ ಸೆಲ್ಲಿನಲ್ಲಿ, ಯೋಚಿಸುತ್ತಿದ್ದದ್ದು ಯಂತ್ರ ಮತ್ತು ಮನುಷ್ಯನ ಬಗ್ಗೆ. ಮುಂದೆ ಮಂತ್ರಿಯಾದಾಗ ತಂತ್ರಜ್ಞಾನದ ಬಗ್ಗೆ ಅವರು ಆಡಿದ ಮಾತು ಆಕಾಶದಿಂದ ಉದುರಿದ್ದಲ್ಲ.

ಹೊರಡುವ ಮುಂಚೆ, 1969ರ ಜುಲೈನಲ್ಲಿ, ಸಾಲ್ವಡಾರ್‌ನ ಕಾಸ್ತ್ರೊ ಆಲ್ವೆಸ್ ರಂಗಮಂದಿರದಲ್ಲಿ ಬೀಳ್ಕೊಡುಗೆ ಕಛೇರಿ. ಪ್ರಯಾಣದ ಖರ್ಚಿಗೆ ಹಣ ಸೇರಿಸಲು. ಅಲ್ಲಿಂದ ಲಂಡನ್.

ಮಳೆಗಾಲ

ಸಂಗೀತಗಾರನಾಗಿ ಜಿಲ್ ದೊಡ್ಡವರು, ಅದರಲ್ಲಿ ತಕರಾರಿಲ್ಲ. ನನ್ನ ಪ್ರಶ್ನೆ ಮಂತ್ರಿಯ ಬಗ್ಗೆ.

ಒಂದು, ಮಂತ್ರಿಯಾದ ಮೇಲೂ ಕಛೇರಿ ಕೊಡುತ್ತಿದ್ದರು. ಮಂತ್ರಿಯ ಸಂಬಳ ಸಾಲುವುದಿಲ್ಲ ಅಂತ ಮೊದಲೇ ಹೇಳಿಕೊಂಡು, ಹಾಡುವುದನ್ನು ಬಿಡುವುದಿಲ್ಲ ಅನ್ನುವ ಷರತ್ತಿನ ಮೇಲೆ ಬಂದವರು. ಕಲಾವಿದರಿಗೆ ಹಣ ಹಂಚುವ ಇಲಾಖೆಯ ಯಜಮಾನರೇ ಟಿಕೆಟ್ ಕಛೇರಿ ಮಾಡಿದರೆ ಹೇಗೆ? ಅವರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ವ್ಯವಸ್ಥೆ ಸರಿಯಲ್ಲ ಅಂತಷ್ಟೇ.

ಎರಡು, ದೊಡ್ಡ ಹೋರಾಟಗಳಲ್ಲಿ ಸೋತರು. ಸಿನಿಮಾ ಮತ್ತು ಟಿವಿ ಎರಡಕ್ಕೂ ಸೇರಿ ಆನ್ಸಿನಾವ್ ಅನ್ನುವ ನಿಯಂತ್ರಣ ಸಂಸ್ಥೆ ಮಾಡಬೇಕು ಅಂತ 2004ರಲ್ಲಿ ಕರಡು ತಂದರು. ಟಿವಿ ಕಂಪನಿಗಳು ಇದು ಸರ್ವಾಧಿಕಾರ ಅಂತ ಎದ್ದು ಕೂತವು. ಸರ್ಕಾರ ಕರಡನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಗಿಯಿತು.

ಮೂರು, ರುವಾನೆ ಕಾನೂನು. 1991ರದ್ದು. ಕಂಪನಿಗಳು ಕಲೆಗೆ ಹಣ ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ. ಕೇಳಲು ಚೆನ್ನಾಗಿದೆ. ಆದರೆ ಯಾವ ನಾಟಕಕ್ಕೆ, ಯಾವ ಕಛೇರಿಗೆ ಹಣ ಅಂತ ಕೊನೆಗೆ ತೀರ್ಮಾನ ಮಾಡುವುದು ಕಂಪನಿಯ ಮಾರ್ಕೆಟಿಂಗ್ ವಿಭಾಗ. ಹೆಚ್ಚಿನ ಹಣ ರಿಯೊ ಮತ್ತು ಸಾವೊ ಪಾಲೊಗೇ ಹೋಗುತ್ತಿತ್ತು. ಇದನ್ನು ಬದಲಿಸಬೇಕು ಅಂತ ಜಿಲ್ ಹೇಳಿದರು, ಬದಲಿಸಲು ಆಗಲಿಲ್ಲ.

ಇಷ್ಟಾದ ಮೇಲೂ ಯಶಸ್ವಿ ಮಂತ್ರಿ ಅಂತ ಹೇಗೆ ಕರೆಯುತ್ತೀರಿ?

ಶ್ರುತಿಪೆಟ್ಟಿಗೆ

ಮಳೆಗಾಲ ಅವರೇ, ಆನ್ಸಿನಾವ್ ಮತ್ತು ರುವಾನೆ ಬಗ್ಗೆ ನೀವು ಹೇಳಿದ್ದು ಸರಿ. ಎರಡೂ ಸೋಲು. ಕಛೇರಿ ವಿಷಯ ಆಗಲೂ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಗಿತ್ತು. ಆಗಿನ ಅಧ್ಯಕ್ಷ ಲೂಲಾ ಅವರ ವರ್ಕರ್ಸ್ ಪಾರ್ಟಿಯೊಳಗೇ ಮುನಿಸಿತ್ತು, ಯಾಕೆಂದರೆ ಜಿಲ್ ಗ್ರೀನ್ ಪಾರ್ಟಿಯವರು.

ಆದರೆ ಅವರು ನೇರವಾಗಿ ವೇದಿಕೆಯಿಂದ ಮಂತ್ರಿಗಿರಿಗೆ ಜಿಗಿದವರಲ್ಲ. ಈ ಭಾಗ ಎಲ್ಲರೂ ಬಿಟ್ಟುಬಿಡುತ್ತಾರೆ. 1987ರಲ್ಲಿ ಸಾಲ್ವಡಾರ್ ನಗರದ ಸಂಸ್ಕೃತಿ ಸಂಸ್ಥೆಯ ಮುಖ್ಯಸ್ಥರಾದರು. ಮರುವರ್ಷ ಮೇಯರ್ ಹುದ್ದೆಗೆ ನಿಲ್ಲಬೇಕು ಅಂತಿದ್ದರು, ಪಕ್ಷ ಟಿಕೆಟ್ ಕೊಡಲಿಲ್ಲ. ಅಂಥ ಹೆಸರಿನವರು ಮುನಿಸಿಕೊಂಡು ಮನೆಗೆ ಹೋಗುತ್ತಾರೆ, ಅಲ್ವಾ? ಜಿಲ್ ನಗರಸಭೆಗೆ ನಿಂತರು. ಅತಿ ಹೆಚ್ಚು ವೋಟು ಪಡೆದು ಗೆದ್ದರು. 1992ರವರೆಗೆ ಕೌನ್ಸಿಲರ್ ಆಗಿ ಕೂತು ಪರಿಸರ ಸಮಿತಿ ನೋಡಿಕೊಂಡರು. ನೀರಿನ ರಕ್ಷಣೆಗೆ ಒಂದಾ ಅಜುಲ್ ಅನ್ನುವ ಸಂಸ್ಥೆ ಕಟ್ಟಿದರು. ಚರಂಡಿ, ಕಸ, ಬೀದಿ, ಬಜೆಟ್. ದೇಶವಿಡೀ ಗುರುತಿಸುವ ಗಾಯಕ ಇಂಥ ಸಭೆಗಳಲ್ಲಿ ನಾಲ್ಕು ವರ್ಷ ಕೂತಿದ್ದು ಸಣ್ಣ ವಿಷಯವಲ್ಲ.

ಯಶಸ್ಸು ಅಂತ ನಾನು ಕರೆಯುವುದು ಒಂದೇ ಒಂದನ್ನು. ಪೊಂತೊಸ್ ದೆ ಕುಲ್ತುರಾ, ಅಂದರೆ ಸಂಸ್ಕೃತಿ ಕೇಂದ್ರಬಿಂದುಗಳು.

ಗುಬ್ಬಿಗೂಡು

ಇದರ ಹೆಸರು ಕೇಳಿದ್ದೇನೆ, ಸರಿಯಾಗಿ ಅರ್ಥ ಆಗಿಲ್ಲ. ಸರ್ಕಾರ ಕಟ್ಟಿದ ಸಾಂಸ್ಕೃತಿಕ ಭವನಗಳಾ? ಸ್ವಲ್ಪ ಬಿಡಿಸಿ ಹೇಳಿ.

ಶ್ರುತಿಪೆಟ್ಟಿಗೆ

ಭವನಗಳಲ್ಲ. ಅದೇ ಇದರ ವಿಶೇಷ.

ಮೊದಲು ಸಚಿವಾಲಯದಲ್ಲಿ ನಿಜವಾಗಿಯೂ ಭವನಗಳ ಯೋಜನೆಯೇ ಇತ್ತು. ದೇಶದ ಬಡ ಬಡಾವಣೆಗಳಲ್ಲೆಲ್ಲ ಒಂದೇ ಮಾದರಿಯ ಕಟ್ಟಡ ಎಬ್ಬಿಸುವುದು, ಅದರಲ್ಲಿ ಕಾರ್ಯಕ್ರಮ ನಡೆಸುವುದು. ಫೋಟೋಗೆ ಚೆನ್ನಾಗಿರುತ್ತದೆ, ರಿಬ್ಬನ್ ಕತ್ತರಿಸಬಹುದು. ಆಮೇಲೆ ಅದನ್ನು ನಡೆಸುವವರು ಯಾರು? 2004ರಲ್ಲಿ ಸೆಲಿಯೊ ತುರಿನೊ ಅನ್ನುವವರು ಆ ವಿಭಾಗಕ್ಕೆ ಬಂದರು. ಕಟ್ಟಡದ ಯೋಜನೆ ಪಕ್ಕಕ್ಕೆ ಹೋಯಿತು. ಹಣವನ್ನು ಈಗಾಗಲೇ ಕೆಲಸ ಮಾಡುತ್ತಿರುವ ಜನರಿಗೇ ಕೊಡೋಣ ಅಂತ ತೀರ್ಮಾನ ಆಯಿತು.

ಇದರ ಬೀಜ ಜಿಲ್ ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲೇ ಇದೆ. ಸಂಸ್ಕೃತಿಯನ್ನು ತಯಾರಿಸುವುದು ಸರ್ಕಾರದ ಕೆಲಸವಲ್ಲ, ಎಲ್ಲರ ಕೈಗೂ ಅದು ಎಟುಕುವ ಹಾಗೆ ಮಾಡುವುದು ಅದರ ಕೆಲಸ ಅಂದರು. ಜಪಾನಿನ ದೊ-ಇನ್ ಅನ್ನುವ ಒತ್ತು ಚಿಕಿತ್ಸೆಯ ಉದಾಹರಣೆ ಕೊಟ್ಟರು. ಮೈಯಲ್ಲಿ ಕೆಲವು ಜೀವಬಿಂದುಗಳಿರುತ್ತವೆ. ಅವುಗಳನ್ನು ಒತ್ತಿದರೆ ಇಡೀ ಮೈ ಎಚ್ಚರವಾಗುತ್ತದೆ. ದೇಶದ ಮೈಯಲ್ಲೂ ಹಾಗೆ ಮಲಗಿರುವ, ಯಾರೂ ನೋಡದ ಬಿಂದುಗಳಿವೆ, ಅವನ್ನು ಒತ್ತಬೇಕು ಅಂದರು. ಆಗ ಕೇಳಿದ ಹಲವರಿಗೆ ಇದು ಕವಿಯ ಮಾತು ಅನ್ನಿಸಿರಬಹುದು. ಒಂದೂವರೆ ವರ್ಷದಲ್ಲಿ ಅದು ಸರ್ಕಾರಿ ಯೋಜನೆಯಾಯಿತು, ಕುಲ್ತುರಾ ವೀವಾ ಅನ್ನುವ ಹೆಸರಿನಲ್ಲಿ.

ನಡೆಯುತ್ತಿದ್ದದ್ದು ಹೀಗೆ. ಸಚಿವಾಲಯ ಬಹಿರಂಗವಾಗಿ ಅರ್ಜಿ ಕರೆಯುತ್ತದೆ. ಫವೆಲಾದ (ನಗರದ ಕೊಳೆಗೇರಿ) ಹಿಪ್‌ಹಾಪ್ ಗುಂಪು, ಕಿಲೊಂಬೊ ಹಳ್ಳಿಯ ಡೋಲಿನವರು (ಓಡಿಹೋದ ಗುಲಾಮರು ಕಟ್ಟಿಕೊಂಡ ಊರುಗಳು ಇವು), ಮೂಲನಿವಾಸಿಗಳ ವಿಡಿಯೋ ತಂಡ, ಬೀದಿ ನಾಟಕದವರು, ಯಾರು ಬೇಕಾದರೂ ಅರ್ಜಿ ಹಾಕಬಹುದು. ಆಯ್ಕೆಯಾದ ಗುಂಪೇ ಒಂದು ಪೊಂತೊ. ಅದಕ್ಕೆ ಒಟ್ಟು 1,85,000 ರಿಯಾಲ್‌ವರೆಗೆ, ಆರು ತಿಂಗಳಿಗೊಂದರಂತೆ ಐದು ಕಂತಿನಲ್ಲಿ. ಅದರಲ್ಲಿ ಒಂದು ಭಾಗ ಡಿಜಿಟಲ್ ಕಿಟ್‌ಗೆ ಅಂತಲೇ ಮೀಸಲು. ಕಂಪ್ಯೂಟರ್, ಧ್ವನಿ ಮುದ್ರಣದ ಸಾಮಾನು, ವಿಡಿಯೋ ಕ್ಯಾಮೆರಾ, ಎಲ್ಲಾ ಸ್ವತಂತ್ರ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಸಾಫ್ಟ್‌ವೇರ್) ಮೇಲೆ ನಡೆಯುವಂಥದ್ದು. ಹೊರಗಿನವರು ಬಂದು ನಿಮ್ಮ ಹಾಡು ರೆಕಾರ್ಡ್ ಮಾಡಿಕೊಂಡು ಹೋಗಲಿ ಅಂತ ಅಲ್ಲ. ನಿಮ್ಮ ಹಾಡು ನೀವೇ ರೆಕಾರ್ಡ್ ಮಾಡಿ, ನೀವೇ ಹಂಚಿ ಅಂತ. ಮೇಲೆ ಹಳೇರೇಡಿಯೋ ಬರೆದ ಬೆರಿಂಬಾವ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಇಲ್ಲಿ ಸರ್ಕಾರಿ ಕಡತದೊಳಗೇ ಜೊತೆಯಾಗಿವೆ.

ಒಂದು ಉದಾಹರಣೆ ನನಗೆ ತುಂಬ ಇಷ್ಟ. ಬಾಹಿಯಾದ ಲೆನ್ಸೊಯಿಸ್ ಅನ್ನುವ ಊರಿನಲ್ಲಿ ಗ್ರಾವೊಸ್ ದೆ ಲುಸ್ ಇ ಗ್ರಿಯೊ ಅನ್ನುವ ತಂಡ ಇದೆ. ಊರಿನ ವಯಸ್ಸಾದ ಕಥೆಗಾರರು, ಹಾಡುಗಾರರು, ನಾಟಿ ವೈದ್ಯರು, ಇವರನ್ನು ಶಾಲೆಯ ಮಕ್ಕಳ ಜೊತೆ ಕೂರಿಸುವ ಕೆಲಸ ಅವರದು. ಅವರು ಒಂದು ಪೊಂತೊ ಆದರು. ಅವರ ಅನುಭವದಿಂದಲೇ ದೇಶಮಟ್ಟದ ಗ್ರಿಯೊ ಯೋಜನೆ ಬಂತು. ಬಾಯಿಂದ ಬಾಯಿಗೆ ವಿದ್ಯೆ ದಾಟಿಸುವ ಹಿರಿಯರಿಗೆ ಸರ್ಕಾರದಿಂದ ಗೌರವಧನ. ಓದು ಬರಹ ಬಾರದ ಅಜ್ಜಿಯೂ ಶಾಲೆಯಲ್ಲಿ ಗುರು. ಇದಕ್ಕಿಂತ ದೊಡ್ಡ ಸಾಂಸ್ಕೃತಿಕ ನೀತಿ ಯಾವುದು ಬೇಕು, ಹೇಳಿ.

2010ರ ಹೊತ್ತಿಗೆ ಇಂಥ ಪೊಂತೊಗಳು ಎರಡು ಸಾವಿರ ದಾಟಿದ್ದವು.

ಲೆಕ್ಕದಪುಸ್ತಕ

ನಾನು ಲೆಕ್ಕಪತ್ರದ ಕೆಲಸ ಮಾಡುವವನು, ಸಣ್ಣ ಸಂಘಗಳ ಕಡತ ನೋಡಿ ಗೊತ್ತು. ಆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಪೊಂತೊಗಳು ಹೆಚ್ಚು ಒದ್ದಾಡಿದ್ದು ಇಲ್ಲೇ.

ಹಣ ಕೊಟ್ಟದ್ದು ಕನ್ವೇನಿಯೊ ಅನ್ನುವ ಒಪ್ಪಂದದ ಮೇಲೆ. ಅದು ಮೂಲತಃ ಸರ್ಕಾರಿ ಸಂಸ್ಥೆಗಳ ನಡುವಿನ ವ್ಯವಹಾರಕ್ಕೆ ಹೊಂದುವ ನಿಯಮ. ಪ್ರತಿ ಖರ್ಚಿಗೂ ರಸೀದಿ, ಖರೀದಿಗೆ ಬೆಲೆಪಟ್ಟಿ. ಡೋಲಿಗೆ ಚರ್ಮ ಕಟ್ಟಿಕೊಡುವ ಹಳ್ಳಿಯ ಮುದುಕ ರಸೀದಿ ಎಲ್ಲಿಂದ ತರುತ್ತಾನೆ? ಲೆಕ್ಕ ಒಪ್ಪಿಗೆಯಾಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಂತು ನಿಂತರೆ ಅಷ್ಟರೊಳಗೆ ಒಪ್ಪಿಕೊಂಡ ಬಾಡಿಗೆ, ಸಂಬಳ ತಂಡದವರ ತಲೆ ಮೇಲೆ. ಎಷ್ಟೋ ಗುಂಪುಗಳು ಹೀಗೆ ಸಾಲಕ್ಕೆ ಬಿದ್ದವು. ಕಲೆ ಮಾಡುತ್ತಿದ್ದವರು ಕಡತ ಹಿಡಿದು ಕೂತರು.

ಯೋಜನೆಯ ಮನಸ್ಸು ಒಳ್ಳೆಯದು, ಕೈಕಾಲು ಮಾತ್ರ ಹಳೇ ಸರ್ಕಾರದ್ದು. ಇದಕ್ಕೆ ಜಿಲ್ ಕಾಲದಲ್ಲಿ ಪರಿಹಾರ ಸಿಗಲಿಲ್ಲ. 2014ರ ಜುಲೈನಲ್ಲಿ ಕುಲ್ತುರಾ ವೀವಾ ಕಾನೂನು ಬಂದ ಮೇಲೆ ಬೇರೆ ಥರದ ಸರಳ ಒಪ್ಪಂದ ಬಂತು. ರಸೀದಿಗಿಂತ ಮೊದಲು, ಹೇಳಿದ ಕೆಲಸ ಆಗಿದೆಯಾ ಅಂತ ನೋಡುವ ಪದ್ಧತಿ. ಹತ್ತು ವರ್ಷ ತಡವಾಯಿತು. ಆದರೆ ಅಷ್ಟು ವರ್ಷ ಪೊಂತೊಗಳೇ ಒಂದಾಗಿ ಒತ್ತಡ ಹಾಕಿದ್ದರಿಂದ ಆ ಕಾನೂನು ಬಂತು ಅನ್ನುವುದು ಮುಖ್ಯ. ಹಣ ತೆಗೆದುಕೊಂಡವರು ಬರೀ ಫಲಾನುಭವಿಗಳಾಗಿ ಉಳಿಯಲಿಲ್ಲ.

ಹಳೇರೇಡಿಯೋ

ಡಿಜಿಟಲ್ ಕಿಟ್ ಅಂದಾಗ ನೆನಪಾಯಿತು. ಕಾಪಿರೈಟ್ ವಿಷಯದಲ್ಲಿ ಜಿಲ್ ತೆಗೆದುಕೊಂಡ ನಿಲುವು ಅವರ ಜೊತೆಗಾರರಿಗೇ ಕಸಿವಿಸಿ ತಂದಿತ್ತು. ಅವರದೇ ಜೀವನ ನಡೆಯುವುದು ಹಾಡಿನ ಹಕ್ಕಿನ ಹಣದಿಂದ. ಆದರೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2004ರಲ್ಲಿ ಬ್ರೆಜಿಲ್‌ಗೆ ಬಂದಾಗ ಬೆನ್ನಿಗೆ ನಿಂತರು. ಹಾಡು ಬರೆದವನೇ ತನ್ನ ಹಾಡನ್ನು ಯಾರು ಹೇಗೆ ಬಳಸಬಹುದು ಅಂತ ಮೊದಲೇ ಹೇಳಿಬಿಡುವ ವ್ಯವಸ್ಥೆ ಅದು. ತಮ್ಮ "ಓಸ್ಲೊದುಂ" ಹಾಡನ್ನು ಆ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ತುಣುಕು ತೆಗೆದು ಹೊಸ ಹಾಡು ಮಾಡಬಹುದು. ಅದೇ ವರ್ಷ ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತಾ, ಹ್ಯಾಕರ್‌ಗಳ ನೀತಿಯೇ (ಕಳ್ಳತನವಲ್ಲ, ಗೊತ್ತಿದ್ದದ್ದನ್ನು ಮುಕ್ತವಾಗಿ ಹಂಚಿಕೊಳ್ಳುವ ನೀತಿ) ಮಂತ್ರಿಯಾಗಿಯೂ ತನಗೆ ಸ್ಫೂರ್ತಿ ಅಂದರು. ಒಬ್ಬ ಮಂತ್ರಿ 2004ರಲ್ಲಿ ಆಡಿದ ಮಾತು ಇದು!

ಇನ್ನೊಂದು. 2003ರ ಆಗಸ್ಟ್ 19ರಂದು ಬಾಗ್ದಾದಿನ ಬಾಂಬ್ ದಾಳಿಯಲ್ಲಿ ವಿಶ್ವಸಂಸ್ಥೆಯ ಬ್ರೆಜಿಲ್ ಮೂಲದ ಅಧಿಕಾರಿ ಸೆರ್ಜಿಯೊ ವಿಯೆರಾ ದೆ ಮೆಲ್ಲೊ ಸತ್ತರು. ತಿಂಗಳಿಗೆ ಸರಿಯಾಗಿ ವಿಶ್ವಸಂಸ್ಥೆಯ ಮಹಾಸಭೆಯ ಸಭಾಂಗಣದಲ್ಲೇ ಜಿಲ್ ಹಾಡಿದರು. ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಎದ್ದು ಬಂದು ಕೊಂಗಾ ಡೋಲು ಬಾರಿಸಿದರು. ಮಳೆಗಾಲ ಅವರ ಕಛೇರಿ ಪ್ರಶ್ನೆಗೆ ಇದು ಉತ್ತರ ಅಲ್ಲ, ಗೊತ್ತು. ಆದರೆ ಮಂತ್ರಿ ಹಾಡುವುದನ್ನು ಬಿಟ್ಟಿದ್ದರೆ ಆ ಸಂಜೆ ಇರುತ್ತಿರಲಿಲ್ಲ.

ಮಳೆಗಾಲ

ಪೊಂತೊಗಳ ವಿವರಕ್ಕೆ ಧನ್ಯವಾದ. ಗ್ರಿಯೊ ಭಾಗ ಓದಿ ನಿಜಕ್ಕೂ ಖುಷಿಯಾಯಿತು.

ಆದರೆ "ಸಂಗೀತಗಾರ ಆಗಿದ್ದಕ್ಕೇ ಇದು ಸಾಧ್ಯವಾಯಿತು" ಅನ್ನುವುದನ್ನು ನಾನಿನ್ನೂ ಒಪ್ಪುವುದಿಲ್ಲ. 2011ರಲ್ಲಿ ಸಂಸ್ಕೃತಿ ಮಂತ್ರಿಯಾದ ಆನಾ ದೆ ಒಲಾಂಡಾ ಕೂಡ ಗಾಯಕಿಯೇ. ಹೆಸರಾಂತ ಹಾಡುಗಾರ ಶಿಕೊ ಬುವಾರ್ಕೆ ಅವರ ತಂಗಿ. ಅವರು ಬಂದ ತಿಂಗಳಲ್ಲೇ ಸಚಿವಾಲಯದ ಜಾಲತಾಣದಿಂದ ಕ್ರಿಯೇಟಿವ್ ಕಾಮನ್ಸ್ ಗುರುತನ್ನು ತೆಗೆಸಿದರು. ಅದೇ ವೃತ್ತಿ, ಅದೇ ಕುರ್ಚಿ, ಅದೇ ಸರ್ಕಾರದ ಪಕ್ಷ. ನಿಲುವು ಮಾತ್ರ ಪೂರ್ತಿ ಉಲ್ಟಾ. ಹಾಗಾದರೆ ಕೆಲಸ ಮಾಡಿದ್ದು ಸಂಗೀತವಾ, ಜಿಲ್ ಅನ್ನುವ ವ್ಯಕ್ತಿಯಾ?

ಶ್ರುತಿಪೆಟ್ಟಿಗೆ

ಒಳ್ಳೇ ಪ್ರಶ್ನೆ. ಸಂಗೀತಗಾರರೆಲ್ಲ ಒಂದೇ ಥರ ಯೋಚಿಸುತ್ತಾರೆ ಅನ್ನುವುದು ನನ್ನ ವಾದವಲ್ಲ. ಜಿಲ್ ಅವರದು ಬೆರೆಸುವ ಸಂಗೀತ. ಸಾಂಬಾ, ರಾಕ್, ರೆಗ್ಗೆ. 1977ರಲ್ಲಿ ನೈಜೀರಿಯಾದ ಲಾಗೋಸ್‌ಗೆ ಆಫ್ರಿಕನ್ ಕಲಾ ಉತ್ಸವಕ್ಕೆ ಹೋಗಿ ಬಂದ ಮೇಲೆ ಮಾಡಿದ ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ಯಾವುದು ಶುದ್ಧ ಅಂತ ಕೇಳುವುದಿಲ್ಲ, ಯಾವುದಕ್ಕೆ ಜೀವ ಇದೆ ಅಂತ ನೋಡುತ್ತಾರೆ. ಆ ಕಣ್ಣು ಸಚಿವಾಲಯಕ್ಕೂ ಬಂತು. ಬೇರೆ ಸಂಗೀತಗಾರರಿಗೆ ಬೇರೆ ಕಣ್ಣು ಇರುತ್ತದೆ, ಅದು ಸಹಜ.

ವ್ಯಕ್ತಿಯನ್ನು ಮೀರಿ ಉಳಿದದ್ದು ಏನು ಅನ್ನುವುದೇ ನನಗೆ ಮುಖ್ಯ. ಜಿಲ್ 2008ರಲ್ಲಿ ರಾಜೀನಾಮೆ ಕೊಟ್ಟು ಹಾಡಿಗೆ ಮರಳಿದರು. ಅದಕ್ಕೆ ಸ್ವಲ್ಪ ದಿನ ಮೊದಲು ಕಪೊಯೆರಾಕ್ಕೆ ರಾಷ್ಟ್ರೀಯ ಪರಂಪರೆಯ ಮಾನ್ಯತೆ ಸಿಕ್ಕಿತ್ತು. ಒಂದು ಕಾಲದಲ್ಲಿ ಬ್ರೆಜಿಲ್‌ನ ದಂಡಸಂಹಿತೆಯಲ್ಲಿ ಅಪರಾಧವಾಗಿದ್ದ ಆಟ ಅದು. 2016ರಲ್ಲಿ ಅಧ್ಯಕ್ಷ ತೆಮೆರ್ ಅವರ ಸರ್ಕಾರ ಸಂಸ್ಕೃತಿ ಸಚಿವಾಲಯವನ್ನೇ ಶಿಕ್ಷಣ ಇಲಾಖೆಯೊಳಗೆ ಸೇರಿಸಿತು. ಕಲಾವಿದರು ಸರ್ಕಾರಿ ಕಟ್ಟಡಗಳಲ್ಲಿ ಹೋಗಿ ಕೂತರು, ಕೆಲವೇ ದಿನದಲ್ಲಿ ಆದೇಶ ವಾಪಸ್. 2019ರಲ್ಲಿ ಅಧ್ಯಕ್ಷ ಬೊಲ್ಸೊನಾರೊ ಮತ್ತೆ ಸಚಿವಾಲಯವನ್ನು ರದ್ದು ಮಾಡಿದರು. 2023ರಲ್ಲಿ ಲೂಲಾ ಮರಳಿ ತಂದರು. ಮಂತ್ರಿಯಾಗಿ ಬಂದವರು ಮಾರ್ಗರೆತ್ ಮೆನೆಜೆಸ್, ಸಾಲ್ವಡಾರ್‌ನ ಗಾಯಕಿ. ಸಚಿವಾಲಯ ಇಲ್ಲದ ವರ್ಷಗಳಲ್ಲೂ ಕುಲ್ತುರಾ ವೀವಾ ಕಾನೂನು ಪುಸ್ತಕದಲ್ಲಿ ಇತ್ತು, ಊರೂರಿನ ಗುಂಪುಗಳೂ ಇದ್ದವು. ಭವನ ಕಟ್ಟಿದ್ದರೆ ಬೀಗ ಹಾಕಬಹುದಿತ್ತು.

ಗುಬ್ಬಿಗೂಡು

ಬೇರೆ ದೇಶದವರು ಇದನ್ನು ನೋಡಿ ಏನಾದರೂ ಮಾಡಿದರಾ? ಬ್ರೆಜಿಲ್ ಒಳಗೇ ಉಳಿಯಿತಾ?

ಶ್ರುತಿಪೆಟ್ಟಿಗೆ

ಮಾಡಿದರು. 2011ರಲ್ಲಿ ಅರ್ಜೆಂಟೀನಾ ಇದೇ ಹೆಸರಿನಲ್ಲಿ, ಸ್ಪ್ಯಾನಿಷ್‌ನಲ್ಲಿ ಪುಂತೊಸ್ ದೆ ಕುಲ್ತುರಾ ಅಂತ ಶುರು ಮಾಡಿತು. 2013ರಲ್ಲಿ ಬೊಲಿವಿಯಾದ ಲಾ ಪಾಜ್‌ನಲ್ಲಿ ಲ್ಯಾಟಿನ್ ಅಮೆರಿಕದ ಸಮುದಾಯ ಕಲಾ ಗುಂಪುಗಳ ಮೊದಲ ಸಮಾವೇಶ ಆಯಿತು. ಮರುವರ್ಷ ಹಲವು ದೇಶಗಳು ಸೇರಿ ಐಬೆರ್‌ಕುಲ್ತುರಾ ವೀವಾ ಅನ್ನುವ ಜಂಟಿ ಕಾರ್ಯಕ್ರಮ ಮಾಡಿಕೊಂಡವು. ಪೆರುವಿನಲ್ಲಿ 2016ರಲ್ಲಿ ಕಾನೂನೇ ಆಯಿತು.

ಮಳೆಗಾಲ

ಪೆರುವಿನ ಕಾನೂನು ಓದಬೇಕು. ಅಲ್ಲಿ ಹಣದ ಖಾತರಿ ಇದೆಯಾ, ಬರೀ ಮಾನ್ಯತೆಯ ಪತ್ರವಾ ಅನ್ನುವುದರ ಮೇಲೆ ನನ್ನ ಅಭಿಪ್ರಾಯ ನಿಂತಿದೆ. ಲೆಕ್ಕದಪುಸ್ತಕ ಅವರೇ, ನಿಮಗೆ ಬಿಡುವಿದ್ದರೆ ನೀವೂ ನೋಡಿ. ರುವಾನೆ ಬಗ್ಗೆ ಬೇರೆ ಚರ್ಚೆ ತೆರೆಯುತ್ತೇನೆ, ಅದು ಇಲ್ಲಿ ಹಿಡಿಸುವುದಿಲ್ಲ.